ಕೊನೆಗಾಲದ ಆರೈಕೆಯನ್ನು ಅಳೆಯುವುದು ಹೇಗೆ?

ಒಂದು ಆಸ್ಪತ್ರೆ ಚೆನ್ನಾಗಿದೆಯೇ ಎಂದು ತಿಳಿಯಲು ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಅಲ್ಲಿಗೆ ಹೋದವರು ಗುಣವಾಗಿ ಮನೆಗೆ ಬರುತ್ತಾರೆಯೇ? ಹೆರಿಗೆ ಆಸ್ಪತ್ರೆಯಾದರೆ ತಾಯಿ, ಮಗು ಕ್ಷೇಮವಾಗಿರಬೇಕು. ಕಣ್ಣಿನ ಆಸ್ಪತ್ರೆಯಾದರೆ ಪೊರೆ ತೆಗೆಸಿಕೊಂಡವರಿಗೆ ಕಾಣಿಸಬೇಕು. ಈ ಅಳತೆಗೋಲು ಕೆಲಸಕ್ಕೆ ಬಾರದ ಒಂದು ಜಾಗವಿದೆ. ವಾಸಿಯಾಗದ ಕಾಯಿಲೆಯ ಕೊನೆಯ ಹಂತದಲ್ಲಿರುವವರನ್ನು ನೋಡಿಕೊಳ್ಳುವ ಹಾಸ್ಪೈಸ್‌ನಲ್ಲಿ ಬಹುತೇಕ ಎಲ್ಲರೂ ಸಾಯುತ್ತಾರೆ. ಒಳ್ಳೆಯ ಹಾಸ್ಪೈಸ್‌ನಲ್ಲೂ ಕಳಪೆ ಹಾಸ್ಪೈಸ್‌ನಲ್ಲೂ ಮರಣ ಪ್ರಮಾಣ ಹೆಚ್ಚುಕಡಿಮೆ ಒಂದೇ. ಹಾಗಾದರೆ ಅವೆರಡರ ನಡುವಣ ವ್ಯತ್ಯಾಸವನ್ನು ಯಾವುದರಿಂದ ಗುರುತಿಸುವುದು? ಸಂಸ್ಥೆ ತೀರ ಸಣ್ಣದಾಗಿದ್ದು, ವರ್ಷಕ್ಕೆ ಐವತ್ತು ಅರವತ್ತು ರೋಗಿಗಳಷ್ಟೇ ಇದ್ದರೆ ಈ ಪ್ರಶ್ನೆ ಇನ್ನೂ ಕಠಿಣವಾಗುತ್ತದೆ.

ಇಂದು ನಾವು ಹಾಸ್ಪೈಸ್ ಎನ್ನುವ ಸಂಸ್ಥೆಯ ಮಾದರಿ ರೂಪುಗೊಂಡದ್ದು 1967ರಲ್ಲಿ, ಸಿಸಿಲಿ ಸಾಂಡರ್ಸ್ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದಾಗ. ಭಾರತದಲ್ಲಿ 1986ರಲ್ಲಿ ಮುಂಬಯಿಯ ಶಾಂತಿ ಅವೇದನಾ ಸದನ ಆರಂಭವಾಯಿತು. ಬೆಂಗಳೂರು ಹಾಸ್ಪೈಸ್ ಟ್ರಸ್ಟ್ 1994ರಲ್ಲಿ ಹುಟ್ಟಿತು. ಅದರ ಕರುಣಾಶ್ರಯದ ಕಟ್ಟಡ 1999ರಲ್ಲಿ ತೆರೆಯಿತು. ಮುಂದುವರಿದ ಕ್ಯಾನ್ಸರ್ ಇರುವವರಿಗೆ ಅಲ್ಲಿ ಉಚಿತ ಆರೈಕೆ ದೊರೆಯುತ್ತದೆ. ಕೇರಳ ಬೇರೊಂದು ದಾರಿ ಹಿಡಿಯಿತು. 1993ರಲ್ಲಿ ಕಲ್ಲಿಕೋಟೆಯಲ್ಲಿ ಆರಂಭವಾದ ಸಂಘದ ಕೆಲಸ ಮುಂದೆ ಊರೂರಿನ ಸ್ವಯಂಸೇವಕರ ಜಾಲವಾಗಿ ಬೆಳೆಯಿತು. ಅಲ್ಲಿ ಮುಖ್ಯವಾದದ್ದು ಹಾಸಿಗೆಗಳ ಸಂಖ್ಯೆಯಲ್ಲ, ಮನೆಭೇಟಿ. ವೈದ್ಯರು ಪ್ಯಾಲಿಯೇಟಿವ್ ಕೇರ್ ಎಂದು ಕರೆಯುವ ಈ ಉಪಶಾಮಕ ಆರೈಕೆಗೆ ಕೇರಳ ಸರ್ಕಾರ 2008ರಲ್ಲೂ ಕರ್ನಾಟಕ 2016ರಲ್ಲೂ ನೀತಿ ರೂಪಿಸಿದವು.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದೇ ರೈಲುಮಾರ್ಗದ ಮೇಲಿರುವ ಮೂರು ಪಟ್ಟಣಗಳು. ಈ ಭಾಗದ ಕ್ಯಾನ್ಸರ್ ರೋಗಿಗಳು ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆಗೋ ದಾವಣಗೆರೆಗೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೋಗುತ್ತಾರೆ. ಹಾವೇರಿಯಿಂದ ಹುಬ್ಬಳ್ಳಿಗೇ ಸುಮಾರು 75 ಕಿಲೋಮೀಟರ್. ‘ಇನ್ನು ಚಿಕಿತ್ಸೆ ಫಲಿಸದು, ಮನೆಗೆ ಕರೆದುಕೊಂಡು ಹೋಗಿ’ ಎಂದು ವೈದ್ಯರು ಹೇಳಿದ ಮೇಲೆ ರೋಗಿ ಮರಳುವುದು ತನ್ನ ಹಳ್ಳಿಗೆ. ನೋವು, ವಾಂತಿ, ಕೊಳೆಯುತ್ತಿರುವ ಹುಣ್ಣು, ಉಸಿರಾಟದ ತೊಂದರೆ ಎಲ್ಲವೂ ಅಲ್ಲಿಗೇ ಬರುತ್ತವೆ. ಇಂಥ ರೋಗಿಯನ್ನು ಪ್ರತಿ ವಾರ ನಗರಕ್ಕೆ ಸಾಗಿಸಲಾಗದು. ಆದ್ದರಿಂದ ಈ ತಾಲ್ಲೂಕುಗಳಿಗೆ ಹೊಂದುವುದು ಒಬ್ಬ ತರಬೇತಾದ ವೈದ್ಯ, ಇಬ್ಬರು ನರ್ಸ್‌ಗಳು, ಒಂದು ವಾಹನ ಇರುವ ಚಿಕ್ಕ ತಂಡ. ಅಂಥ ಒಂದು ತಂಡವನ್ನು ಇಲ್ಲಿ ಕಲ್ಪಿಸಿಕೊಂಡು ಅದರ ಗುಣಮಟ್ಟವನ್ನು ಪರೀಕ್ಷಿಸೋಣ. ಮುಂದೆ ಬರುವ ತಂಡದ ಅಂಕಿಗಳೆಲ್ಲ ಉದಾಹರಣೆಗಾಗಿ ಇಟ್ಟುಕೊಂಡವು.

ಆರೋಗ್ಯ ಸೇವೆಯ ಗುಣಮಟ್ಟವನ್ನು ಮೂರು ಕಡೆಯಿಂದ ನೋಡಬೇಕೆಂದು ಅವೇದಿಸ್ ಡೊನಬೇಡಿಯನ್ 1966ರಲ್ಲಿ ಬರೆದರು: ಏನಿದೆ, ಏನು ಮಾಡುತ್ತಾರೆ, ಅದರಿಂದ ಏನಾಯಿತು. ಸಾಧನ, ಕ್ರಮ, ಫಲ ಎನ್ನಬಹುದು. ಹಾಸ್ಪೈಸ್‌ಗೂ ಈ ವಿಂಗಡಣೆ ಸರಿಹೊಂದುತ್ತದೆ.

ಮೊದಲು ಮಾರ್ಫೀನ್

ಸಾಧನಗಳ ಪಟ್ಟಿಯಲ್ಲಿ ಕಟ್ಟಡ, ಹಾಸಿಗೆ, ಆಂಬುಲೆನ್ಸ್ ಎಲ್ಲವೂ ಬರುತ್ತವೆ. ಆದರೆ ಒಂದನ್ನೇ ಕೇಳಬೇಕೆಂದರೆ ಬಾಯಿಯ ಮೂಲಕ ಕೊಡುವ ಮಾರ್ಫೀನ್ ಇದೆಯೇ ಎಂದು ಕೇಳಬೇಕು. ಕ್ಯಾನ್ಸರಿನ ತೀವ್ರ ನೋವಿಗೆ ಪ್ಯಾರಾಸಿಟಮಾಲ್ ಸಾಲದು. ಮಾರ್ಫೀನ್ ಮಾತ್ರೆ ಅಗ್ಗ, ಪರಿಣಾಮಕಾರಿ. ಹಾಗಿದ್ದೂ ಅದು ಸಿಗುವುದು ಅಪರೂಪ. ನಮ್ಮ ರೋಗಿಗಳಿಗೆ ಅಗತ್ಯವಿರುವ ಈ ವರ್ಗದ ಔಷಧದಲ್ಲಿ ಸುಮಾರು ಶೇಕಡಾ 4ರಷ್ಟು ಮಾತ್ರ ಭಾರತದಲ್ಲಿ ಲಭ್ಯವಿತ್ತೆಂದು 2017ರ ಲ್ಯಾನ್ಸೆಟ್ ಆಯೋಗದ ವರದಿ ಅಂದಾಜು ಮಾಡಿತು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಅನುಮತಿಯಿಂದಲೇ ಅಫೀಮು ಬೆಳೆಯುವ ದೇಶದ ಸ್ಥಿತಿ ಇದು! ಮಾದಕವಸ್ತುಗಳ 1985ರ ಕಾನೂನಿನಡಿ ಹಲವು ಪರವಾನಗಿಗಳನ್ನು ಪಡೆಯಬೇಕಾಗಿದ್ದುದು ಇದಕ್ಕೊಂದು ಕಾರಣ. 2014ರ ತಿದ್ದುಪಡಿ ಈ ತೊಡಕನ್ನು ಸಡಿಲಿಸಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಮಾರ್ಫೀನ್ ಇಟ್ಟುಕೊಳ್ಳಲು ದಾರಿ ಮಾಡಿತು. ಆದ್ದರಿಂದ ತಂಡಕ್ಕೆ ಆ ಮಾನ್ಯತೆ ಇದೆಯೇ, ದಾಸ್ತಾನು ಪುಸ್ತಕ ದಿನದಿನವೂ ತಾಳೆಯಾಗುತ್ತದೆಯೇ, ಕಳೆದ ವರ್ಷ ಎಷ್ಟು ದಿನ ಮಾತ್ರೆ ಖಾಲಿಯಾಗಿತ್ತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬೇಕು. ಕಟ್ಟಡದ ಚೆಂದ ಆಮೇಲೆ ನೋಡಿದರಾಯಿತು.

ಮಾರ್ಫೀನ್ ಕೊಡುವ ಕ್ರಮದಲ್ಲೇ ತಂಡದ ತಿಳಿವಳಿಕೆ ಬಯಲಾಗುತ್ತದೆ. ಸಾಮಾನ್ಯ ಮಾತ್ರೆಯ ಪ್ರಭಾವ ಸುಮಾರು ನಾಲ್ಕು ಗಂಟೆ. ಆದ್ದರಿಂದ ಅದನ್ನು ‘ನೋವು ಬಂದಾಗ’ ಎಂದಷ್ಟೇ ಬರೆಯದೆ ನಾಲ್ಕು ಗಂಟೆಗೊಮ್ಮೆ ಎಂದು ಬರೆಯಬೇಕು. ನೋವು ತಲೆಯೆತ್ತುವ ಮೊದಲೇ ಮುಂದಿನ ಮಾತ್ರೆ ಹೊಟ್ಟೆ ಸೇರಬೇಕು. ಮಾರ್ಫೀನ್ ಮಿದುಳು, ಬೆನ್ನುಹುರಿಗಳಲ್ಲಿ ಯಾವ ಬಗೆಯ ಗ್ರಾಹಕಗಳಿಗೆ ಅಂಟಿಕೊಂಡು ನೋವನ್ನು ತಗ್ಗಿಸುತ್ತದೆಯೋ ಅಂಥವೇ ಗ್ರಾಹಕಗಳು ಕರುಳಿನ ಗೋಡೆಯಲ್ಲೂ ಇವೆ. ಅಲ್ಲಿ ಅದು ಕರುಳಿನ ಚಲನೆಯನ್ನು ನಿಧಾನಗೊಳಿಸುತ್ತದೆ. ಆರಂಭದ ವಾಕರಿಕೆ, ಮಂಪರು ಕೆಲವು ದಿನಗಳಲ್ಲಿ ಕಡಿಮೆಯಾಗುತ್ತವೆ. ಮಲಬದ್ಧತೆ ಮಾತ್ರ ಹಾಗೆ ಹೋಗುವುದಿಲ್ಲ. ಬಲ್ಲ ವೈದ್ಯರು ಮಾರ್ಫೀನ್ ಬರೆಯುವ ಚೀಟಿಯಲ್ಲೇ ಮಲವನ್ನು ಸಡಿಲಗೊಳಿಸುವ ಔಷಧವನ್ನೂ ಬರೆದಿರುತ್ತಾರೆ. ಅತಿಭೇದಿಯಂಥ ಸ್ಪಷ್ಟ ಕಾರಣವಿಲ್ಲದೆ ಅದನ್ನು ಬಿಡುವಂತಿಲ್ಲ. ಈ ಒಂದು ಅಂಶವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ನೋವಿಗೆ ಅಂಕ

ನೋವನ್ನು ಅಳೆಯುವ ಉಪಕರಣವಿಲ್ಲ. ರೋಗಿ ಹೇಳಿದ್ದೇ ಅಳತೆ. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ಊಹಿಸಬಹುದಾದ ಅತಿ ಕೆಟ್ಟ ನೋವು ಎಂದು ಹೇಳಿ ಅಂಕ ಕೇಳುವುದು ರೂಢಿ. ಹಾವೇರಿ ಸೀಮೆಯ ಹಿರಿಯರಿಗೆ ಇದು ಪರೀಕ್ಷೆಯ ಪ್ರಶ್ನೆಯಂತೆ ತೋರಬಹುದು. ‘ಯಜ್ಜಾ, ರೂಪಾಯ್ದಾಗ ಎಷ್ಟಾಣೆ ನೋವೈತಿ?’ ಎಂದರೆ ‘ಹನ್ನೆರಡಾಣೆ’ ಎಂಬ ಉತ್ತರ ಸಲೀಸಾಗಿ ಬಂದೀತು. ಯಾವ ಅಳತೆಯಾದರೂ ಸರಿ, ಪ್ರತಿ ಸಲ ಅದನ್ನೇ ಬಳಸಬೇಕು ಮತ್ತು ರೋಗಿಯನ್ನೇ ಕೇಳಬೇಕು. ನೋವನ್ನು ಮನೆಯವರು ತುಸು ಹೆಚ್ಚಾಗಿಯೂ ವೈದ್ಯರು, ನರ್ಸ್‌ಗಳು ತುಸು ಕಡಿಮೆಯಾಗಿಯೂ ಅಂದಾಜು ಮಾಡುವ ಪ್ರವೃತ್ತಿ ಅಧ್ಯಯನಗಳಲ್ಲಿ ಕಂಡುಬಂದಿದೆ.

ಹಾಸ್ಪೈಸ್‌ಗಳಲ್ಲಿ ಬಳಕೆಯಲ್ಲಿರುವ ಫಲದ ಅಳತೆಯೊಂದು ಹೀಗಿದೆ: ಮೊದಲ ದಿನ ನೋವಿನಲ್ಲಿದ್ದವರ ಪೈಕಿ ಎಷ್ಟು ಜನರಿಗೆ 48 ಗಂಟೆಯೊಳಗೆ ನೋವು ಸಹಿಸುವ ಮಟ್ಟಕ್ಕೆ ಇಳಿಯಿತು? ನಮ್ಮ ಕಲ್ಪನೆಯ ತಂಡದ ಪುಸ್ತಕ ತೆರೆಯೋಣ. ಒಂದು ವರ್ಷದಲ್ಲಿ 60 ರೋಗಿಗಳು. ಮೊದಲ ಭೇಟಿಯಲ್ಲಿ ತೀವ್ರ ನೋವಿದ್ದವರು 25. ಇವರಲ್ಲಿ 16 ಜನರಿಗೆ ಎರಡು ದಿನದಲ್ಲಿ ನೋವು ಇಳಿದದ್ದು, 4 ಜನರಿಗೆ ಇಳಿಯದಿದ್ದದ್ದು ದಾಖಲಾಗಿದೆ. ಉಳಿದ ಐವರ ಎರಡನೆಯ ಅಂಕವನ್ನು ಯಾರೂ ಬರೆದಿಲ್ಲ. ವಾರ್ಷಿಕ ವರದಿಯಲ್ಲಿ ತಂಡ 20ಕ್ಕೆ 16, ಅಂದರೆ ಶೇಕಡಾ 80 ಎಂದು ಬರೆದುಕೊಳ್ಳಬಹುದು. ಆ ಐವರಿಗೂ ನೋವು ಇಳಿಯಲಿಲ್ಲವೆಂದು ಹಿಡಿದರೆ ಅದು 25ಕ್ಕೆ 16, ಶೇಕಡಾ 64. ಎಲ್ಲರಿಗೂ ಇಳಿದಿತ್ತೆಂದರೆ 25ಕ್ಕೆ 21, ಶೇಕಡಾ 84. ಬರೆಯದೆ ಬಿಟ್ಟ ಐದು ಸಾಲುಗಳು ಫಲಿತಾಂಶವನ್ನು 20 ಅಂಶದಷ್ಟು ಅತ್ತಿತ್ತ ಎಳೆದವು. ಯಾವುದೇ ಶೇಕಡಾವಾರನ್ನು ಕಂಡಾಗ ಕೆಳಗಿನ ಸಂಖ್ಯೆ ಯಾವುದು, ಅದರಿಂದ ಯಾರನ್ನು ಬಿಟ್ಟಿದ್ದಾರೆ ಎಂದು ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗಳು ಇಲ್ಲಿಂದಲೇ ಆರಂಭಿಸಬಹುದು.

ಇಪ್ಪತ್ತು ಬೀಜದ ಪರೀಕ್ಷೆ

ಶೇಕಡಾ 80 ಎಂಬುದನ್ನೇ ಸರಿ ಎಂದು ಒಪ್ಪೋಣ. ಆಗಲೂ ಒಂದು ತೊಡಕು ಉಳಿಯುತ್ತದೆ. ಅದನ್ನು ರಾಣೆಬೆನ್ನೂರಿನವರಿಗೆ ವಿವರಿಸುವುದು ಸುಲಭ, ಏಕೆಂದರೆ ಅದು ಬೀಜೋತ್ಪಾದನೆಗೆ ಹೆಸರಾದ ಊರು. ಬೀಜದ ಮೊಳಕೆ ಪ್ರಮಾಣ ತಿಳಿಯಲು ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ನೂರು ನೂರರಂತೆ 400 ಬೀಜಗಳನ್ನು ಇಟ್ಟು ನೋಡುತ್ತಾರೆ. 400ರಲ್ಲಿ 320 ಮೊಳೆತರೆ ನಿಜವಾದ ಪ್ರಮಾಣ ಸುಮಾರು ಶೇಕಡಾ 76ರಿಂದ 84ರೊಳಗೆ ಇದೆಯೆಂದು ಸಾಕಷ್ಟು ಭರವಸೆಯಿಂದ ಹೇಳಬಹುದು. ಇಪ್ಪತ್ತೇ ಬೀಜ ಇಟ್ಟು 16 ಮೊಳೆತರೆ? ಅದೂ ಶೇಕಡಾ 80. ಆದರೆ ಅದೇ ಭರವಸೆಯ ಮಟ್ಟದಲ್ಲಿ ನಿಜವಾದ ಪ್ರಮಾಣ ಶೇಕಡಾ 58ರಿಂದ 92ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಹೀಗೆ ಪರೀಕ್ಷಿಸಿದ ಬೀಜವನ್ನು ಯಾವ ರೈತನೂ ನಂಬಲಾರ.

ಲೆಕ್ಕವನ್ನು ಇನ್ನೊಂದು ಬಗೆಯಲ್ಲೂ ಮಾಡಬಹುದು. ತಂಡದ ನಿಜವಾದ ಸಾಮರ್ಥ್ಯ ಶೇಕಡಾ 80 ಎಂದೇ ಇರಲಿ, ಅದು ವರ್ಷದಿಂದ ವರ್ಷಕ್ಕೆ ಬದಲಾಗದಿರಲಿ. ವರ್ಷಕ್ಕೆ 20 ರೋಗಿಗಳಿದ್ದರೆ, ಕೇವಲ ಆಕಸ್ಮಿಕದಿಂದ ಸರಾಸರಿ ಐದು ವರ್ಷಕ್ಕೊಮ್ಮೆ ಫಲಿತಾಂಶ ಶೇಕಡಾ 90 ಅಥವಾ ಅದಕ್ಕಿಂತ ಹೆಚ್ಚು ಬರುತ್ತದೆ. ಐದು ವರ್ಷಕ್ಕೊಮ್ಮೆ ಶೇಕಡಾ 70 ಅಥವಾ ಅದಕ್ಕಿಂತ ಕಡಿಮೆ ಬರುತ್ತದೆ. ದ್ವಿಪದ ಪ್ರಮೇಯ ಓದಿದ ಪಿಯುಸಿ ವಿದ್ಯಾರ್ಥಿಗಳು ಇದನ್ನು ತಾವೇ ಪರಿಶೀಲಿಸಬಹುದು. ಒಂದು ವರ್ಷ ಹಾರ, ಶಾಲು. ಇನ್ನೊಂದು ವರ್ಷ ನೋಟಿಸು. ಕೆಲಸ ಮಾಡಿದವರು ಅವರೇ, ಮಾಡಿದ ರೀತಿಯೂ ಅದೇ.

‘ನಮ್ಮಲ್ಲಿ ಈ ವರ್ಷ ಒಬ್ಬರಿಗೂ ಹಾಸಿಗೆ ಹುಣ್ಣು ಆಗಲಿಲ್ಲ’ ಎಂಬ ಮಾತನ್ನೂ ಹೀಗೆಯೇ ತೂಗಿ ನೋಡಬೇಕು. ಸಂಖ್ಯಾಶಾಸ್ತ್ರದಲ್ಲಿ ಮೂರರ ನಿಯಮ ಎಂಬುದೊಂದಿದೆ. ಒಂದು ಘಟನೆ ಎಷ್ಟೋ ಜನರಲ್ಲಿ ಒಮ್ಮೆಯೂ ಕಾಣಲಿಲ್ಲವೆಂದರೆ, ಮೂರನ್ನು ಆ ಜನಸಂಖ್ಯೆಯಿಂದ ಭಾಗಿಸಿದರೆ ಅದರ ನಿಜವಾದ ಪ್ರಮಾಣದ ಮೇಲ್ಮಿತಿ ಸಿಗುತ್ತದೆ. ಹಾಸಿಗೆ ಹಿಡಿದ 30 ರೋಗಿಗಳಲ್ಲಿ ಸೊನ್ನೆ ಎಂದರೆ ಮೇಲ್ಮಿತಿ ಹತ್ತಕ್ಕೆ ಒಂದು. ಸೊನ್ನೆ ಸಂತೋಷದ ಸುದ್ದಿಯೇ, ಆದರೆ ಅದು ಪುರಾವೆಯಲ್ಲ.

ಹಾಗೆಂದು ಸಣ್ಣ ಸಂಸ್ಥೆಗಳನ್ನು ಅಳೆಯುವುದೇ ಅಸಾಧ್ಯವೆಂದು ಕೈಚೆಲ್ಲಬೇಕಿಲ್ಲ. ಅಮೆರಿಕದಲ್ಲಿ ಮೃತರ ಮನೆಯವರ ಅಭಿಪ್ರಾಯ ಕೇಳುವ ಸರ್ಕಾರಿ ಸಮೀಕ್ಷೆ 2015ರಲ್ಲಿ ಆರಂಭವಾದಾಗ, ಸಮೀಕ್ಷೆಗೆ ಅರ್ಹವಾದ ಸಾವುಗಳು ವರ್ಷಕ್ಕೆ 50ಕ್ಕಿಂತ ಕಡಿಮೆ ಇರುವ ಹಾಸ್ಪೈಸ್‌ಗಳಿಗೆ ವಿನಾಯಿತಿ ಪಡೆಯುವ ಅವಕಾಶ ಕೊಟ್ಟರು. ಲೆಕ್ಕದ ದೃಷ್ಟಿಯಿಂದ ಅದು ಸರಿ. ಆದರೆ ವಿನಾಯಿತಿ ಪಡೆದ ಸಂಸ್ಥೆಯ ರೋಗಿಗೆ ಅದರಿಂದ ಏನು ಬಂತು?

ಇಲ್ಲಿ ಮಲಬದ್ಧತೆಯ ಔಷಧಕ್ಕೆ ಮರಳಬೇಕು. ನೋವು ಇಳಿಯುವುದು ಔಷಧದ ಜೊತೆಗೆ ಕಾಯಿಲೆ, ದೇಹ, ಮನಸ್ಸುಗಳನ್ನೂ ಅವಲಂಬಿಸಿದೆ. ಅದರಲ್ಲಿ ಅದೃಷ್ಟದ ಪಾಲಿದೆ. ಚೀಟಿಯಲ್ಲಿ ಎರಡನೆಯ ಔಷಧವನ್ನು ಬರೆಯುವುದರಲ್ಲಿ ಅದೃಷ್ಟವೇನೂ ಇಲ್ಲ. ಅದು ವೈದ್ಯರ ಕೈಯಲ್ಲೇ ಇದೆ, ಹೆಚ್ಚುಕಡಿಮೆ ನೂರಕ್ಕೆ ನೂರು ಇರಬೇಕು. ಗುರಿ ನೂರಕ್ಕೆ ನೂರು ಇರುವ ಕಡೆ ಸಣ್ಣ ಸಂಖ್ಯೆ ಅಡ್ಡಿಯಾಗುವುದಿಲ್ಲ. ಇಪ್ಪತ್ತರಲ್ಲಿ ಮೂರು ತಪ್ಪಿದ್ದರೆ ಮೂರಕ್ಕೂ ಕಾರಣ ಕೇಳಬಹುದು. ಮೊದಲ ಭೇಟಿಯಲ್ಲೇ ನೋವಿನ ಅಂಕ ಬರೆದರೇ, ಎರಡು ದಿನದೊಳಗೆ ಮತ್ತೆ ಕೇಳಿದರೇ, ಪ್ರತಿ ಮನೆಭೇಟಿಯಲ್ಲಿ ಬೆನ್ನು, ಸೊಂಟ, ಹಿಮ್ಮಡಿಗಳ ಚರ್ಮ ನೋಡಿದರೇ, ರೋಗಿಯ ಇಚ್ಛೆ ಏನೆಂದು ಕೇಳಿ ದಾಖಲಿಸಿದರೇ ಎಂಬುವೂ ಈ ಜಾತಿಯವೇ. ಮೊದಲಿನ ಆ ಐದು ಖಾಲಿ ಸಾಲುಗಳು ಈ ದೃಷ್ಟಿಯಿಂದ ನಾಲ್ಕು ವಿಫಲ ಪ್ರಕರಣಗಳಿಗಿಂತ ದೊಡ್ಡ ದೋಷ. ಸಣ್ಣ ಸಂಸ್ಥೆಗೆ ಕ್ರಮವನ್ನೇ ಮುಖ್ಯ ಅಳತೆಯಾಗಿ ಇಟ್ಟುಕೊಳ್ಳುವುದು ಸರಿ ಎಂದು ನನ್ನ ಅಭಿಪ್ರಾಯ. 2014ರಲ್ಲಿ ಭಾರತದ ಉಪಶಾಮಕ ಆರೈಕೆ ತಜ್ಞರು ಪ್ರಕಟಿಸಿದ ಕನಿಷ್ಠ ಗುಣಮಟ್ಟದ ಪಟ್ಟಿ ಕೂಡ ಅತ್ಯವಶ್ಯಕ ಅಂಶಗಳನ್ನೂ ಅಪೇಕ್ಷಣೀಯ ಅಂಶಗಳನ್ನೂ ಬೇರ್ಪಡಿಸಿ, ಸಂಸ್ಥೆಗಳು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುವಂತೆ ರಚಿತವಾಗಿದೆ.

ಸಣ್ಣದಾಗಿರುವುದರಲ್ಲಿ ಒಂದು ಅನುಕೂಲವೂ ಇದೆ. ಸಾವಿರಾರು ಚೀಲ ಬರುವ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಯಾರೂ ಪ್ರತಿ ಕಾಯಿಯನ್ನೂ ನೋಡಲಾರರು. ಹಿಡಿಯಷ್ಟು ತೆಗೆದು ಬಣ್ಣ, ತೇವ ನೋಡಿ ಬೆಲೆ ಕಟ್ಟುತ್ತಾರೆ. ವರ್ಷಕ್ಕೆ 60 ಕಡತಗಳಾದರೆ ಮಾದರಿ ತೆಗೆಯುವ ಗೊಡವೆಯೇ ಇಲ್ಲ. ಹೊರಗಿನ ಒಬ್ಬ ವೈದ್ಯ, ಒಬ್ಬ ನರ್ಸ್ ಕುಳಿತು ಎಲ್ಲವನ್ನೂ ಓದಬಹುದು.

ಮನೆಯವರ ಮಾತು

ಮನೆಯವರನ್ನು ಕೇಳದೆ ಪರೀಕ್ಷೆ ಪೂರ್ಣವಾಗದು. ಆದರೆ ‘ಸೇವೆ ತೃಪ್ತಿಕರವೇ?’ ಎಂಬ ಪ್ರಶ್ನೆಯಿಂದ ಪ್ರಯೋಜನ ಕಡಿಮೆ. ಉಚಿತವಾಗಿ ಮನೆಗೆ ಬಂದು ಅವ್ವನ ಹುಣ್ಣು ತೊಳೆದವರ ಬಗ್ಗೆ ಯಾರು ತಾನೇ ಕೆಟ್ಟದ್ದು ಹೇಳುತ್ತಾರೆ? ನೆರೆಹೊರೆಯಲ್ಲಿ ಬೇರಾರೂ ತಿರುಗಿ ನೋಡದಿದ್ದಾಗ ಬಂದವರು ದೇವರಂತೆ ಕಾಣುವುದು ಸಹಜ. ತೃಪ್ತಿಯ ಬದಲು ನಡೆದದ್ದನ್ನು ಕೇಳಬೇಕು. ರಾತ್ರಿ ಫೋನ್ ಮಾಡಿದ್ದಿರಾ? ಯಾರಾದರೂ ಎತ್ತಿದರೇ? ಎಷ್ಟು ಹೊತ್ತಿಗೆ ಬಂದರು, ಅಥವಾ ಏನು ಮಾಡಲು ಹೇಳಿದರು? ಮಾತ್ರೆ ಮುಗಿದು ಎಷ್ಟು ದಿನ ಕಾದಿರಿ? ಕೊನೆಯ ದಿನ ಉಸಿರು ಹೇಗೆ ಬದಲಾಗುತ್ತದೆಂದು ಯಾರಾದರೂ ಮೊದಲೇ ತಿಳಿಸಿದ್ದರೇ? ಪ್ರಶ್ನೆ ಕೇಳುವವರು ತಂಡದವರಾಗಿರಬಾರದು. ತೀರಿಕೊಂಡ ವಾರದಲ್ಲೇ ಹೋಗಿ ಕೇಳುವುದೂ ಸಲ್ಲದು. ಕೆಲವು ವಾರ ಬಿಡುವುದು ಒಳ್ಳೆಯದು.

ಅಳತೆಯೇ ಕೆಲಸವನ್ನು ಕೆಡಿಸುವ ಅಪಾಯವೂ ಇದೆ. 48 ಗಂಟೆಯ ಅಂಕಿಯ ಮೇಲೆ ದೇಣಿಗೆ ನಿಂತಿದೆ ಎಂದಾದರೆ, ನೋವು ಇಳಿಯುವ ಸಂಭವ ಕಡಿಮೆ ಇರುವ ರೋಗಿಗಳನ್ನು ಸೇರಿಸಿಕೊಳ್ಳದಿರುವುದೇ ಅಂಕಿ ಏರಿಸುವ ಸುಲಭ ಉಪಾಯ. ಬಾಯಿಯ ಕ್ಯಾನ್ಸರ್ ಕೊಳೆತು ವಾಸನೆ ಬರುವವರು, ನೋಡಿಕೊಳ್ಳುವವರೇ ಇಲ್ಲದ ಒಂಟಿ ಮುದುಕಿ, ರಸ್ತೆಯಿಂದ ದೂರದ ತೋಟದ ಮನೆಯವರು ಮೊದಲು ಕೈಬಿಟ್ಟುಹೋಗುತ್ತಾರೆ. ಸೇರಿಸಿಕೊಂಡವರ ಕಡತಗಳನ್ನು ಎಷ್ಟು ಓದಿದರೂ ಇವರು ಸಿಗುವುದಿಲ್ಲ. ಆದ್ದರಿಂದ ಪರೀಕ್ಷಕರು ಕೇಳಬೇಕಾದ ಇನ್ನೊಂದು ಪುಸ್ತಕವಿದೆ: ಯಾರು ಕರೆ ಮಾಡಿದರು, ಯಾವ ಊರು, ಯಾವ ದಿನ, ಹೋಗಲಾಗಲಿಲ್ಲವೆಂದರೆ ಏಕೆ ಎಂದು ಬರೆದಿಟ್ಟ ಪುಸ್ತಕ. ಅದು ಇಲ್ಲದಿದ್ದರೆ ಮೂರು ತಾಲ್ಲೂಕುಗಳ ಆಶಾ ಕಾರ್ಯಕರ್ತೆಯರನ್ನು ವಿಚಾರಿಸಬಹುದು. ತಮ್ಮ ಊರಿನಲ್ಲಿ ಕಳೆದ ವರ್ಷ ಯಾರು ಹಾಸಿಗೆ ಹಿಡಿದು ನರಳಿ ತೀರಿಕೊಂಡರು, ಅವರ ಮನೆಗೆ ಯಾರಾದರೂ ಬಂದಿದ್ದರೇ ಎಂಬುದು ಅವರಿಗೆ ಗೊತ್ತಿರುತ್ತದೆ.