ಸಂಬಳದ ದಿನ ತಪ್ಪಬಾರದು: ಒಂದೇ ಕೆಲಸ ಹಿಡಿದು ಬೆಳೆದ ಸೋದರರು

ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಪ್ಯಾಟರ್ಸನ್ ಎಂಬ ಊರಿದೆ. ಪಸಾಯಿಕ್ ನದಿಯ ಜಲಪಾತದ ಬಲದಿಂದ ಬೆಳೆದ ಗಿರಣಿಗಳ ಊರು ಅದು. ರೇಷ್ಮೆ ನೇಯ್ಗೆಯ ಕಾರಣದಿಂದ 'ರೇಷ್ಮೆ ನಗರ' ಎಂದೇ ಹೆಸರು ಪಡೆದಿತ್ತು. ಸೊಲ್ಲಾಪುರದ ಗಿರಣಿ ಕೇರಿಗಳನ್ನು ಬಲ್ಲವರಿಗೆ ಇಂಥ ಊರಿನ ಬದುಕನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಡಿಯ ಉದ್ರಿ, ಮನೆಯ ಬಾಡಿಗೆ, ಮಕ್ಕಳ ಪುಸ್ತಕದ ಖರ್ಚು ಎಲ್ಲವೂ ಒಂದು ದಿನವನ್ನು ನಂಬಿಕೊಂಡಿರುತ್ತವೆ. ಅದು ಸಂಬಳದ ದಿನ.

ಆ ಊರಿನಲ್ಲಿ 1927ರಲ್ಲಿ ಹುಟ್ಟಿದವರು ಹೆನ್ರಿ ಟಾಬ್. ಪೋಲೆಂಡಿನಿಂದ ವಲಸೆ ಬಂದ ಯಹೂದಿ ಕುಟುಂಬದ ಮಗ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಲೆಕ್ಕಶಾಸ್ತ್ರ ಓದಿ, ಎಳೆಯ ವಯಸ್ಸಿನಲ್ಲಿಯೇ ಲೆಕ್ಕಪತ್ರದ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಕಂಡ ಒಂದು ಸಣ್ಣ ಸಂಗತಿ ಅವರ ಬದುಕಿನ ದಾರಿಯನ್ನೇ ತಿರುಗಿಸಿತು. ಅವರ ಕಚೇರಿಯ ಗ್ರಾಹಕ ಸಂಸ್ಥೆಯೊಂದರಲ್ಲಿ ಸಂಬಳದ ಲೆಕ್ಕ ಬರೆಯುತ್ತಿದ್ದ ಗುಮಾಸ್ತರು ಕಾಯಿಲೆ ಬಿದ್ದರು. ಆ ಲೆಕ್ಕ ಅವರೊಬ್ಬರಿಗೇ ಗೊತ್ತು. ಪರಿಣಾಮವಾಗಿ ಆ ಬಾರಿ ಕೆಲಸಗಾರರಿಗೆ ಹೊತ್ತಿಗೆ ಸರಿಯಾಗಿ ಸಂಬಳ ಆಗಲಿಲ್ಲ. ಸಂಸ್ಥೆಯ ಬಳಿ ಹಣವಿತ್ತು, ಕೆಲಸವೂ ನಡೆದಿತ್ತು. ಕೊರತೆಯಾದದ್ದು ಲೆಕ್ಕ ಮಾಡುವ ಕೈ ಮಾತ್ರ.

ಈ ಕೆಲಸವನ್ನಷ್ಟೇ ಹಲವು ಸಂಸ್ಥೆಗಳಿಗಾಗಿ ಹೊರಗಿನಿಂದ ಮಾಡಿಕೊಟ್ಟರೆ ಹೇಗೆ ಎಂಬ ಯೋಚನೆ ಹೆನ್ರಿಗೆ ಹೊಳೆಯಿತು. 1949ರಲ್ಲಿ, ಇಪ್ಪತ್ತೆರಡು ತುಂಬುವ ಹೊತ್ತಿಗೆ, ಪ್ಯಾಟರ್ಸನ್ನಿನ ಐಸ್‌ಕ್ರೀಂ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಅವರು ಒಂದು ಕಚೇರಿ ತೆರೆದರು. ಹೆಸರು 'ಆಟೋಮ್ಯಾಟಿಕ್ ಪೇರೋಲ್ಸ್'. ಹೆಸರಿನಲ್ಲಿ ಯಂತ್ರದ ಗತ್ತು ಇದ್ದರೂ ಕೆಲಸವೆಲ್ಲ ನಡೆದದ್ದು ಕೈಯಿಂದ ಮತ್ತು ಮೇಜಿನ ಮೇಲಿನ ಲೆಕ್ಕದ ಯಂತ್ರಗಳಿಂದ. ಅಣ್ಣತಮ್ಮಂದಿರ ಕಚೇರಿ ಅದು; ಸೋದರ ಜೋ ಟಾಬ್ ಜೊತೆಗಿದ್ದರು. ಕೆಲವು ವರ್ಷಗಳಲ್ಲಿ ಅದೇ ಊರಿನ ಫ್ರಾಂಕ್ ಲಾಟೆನ್‌ಬರ್ಗ್ ಬಂದು ಸೇರಿದರು. ರೇಷ್ಮೆ ಗಿರಣಿಯಲ್ಲಿ ದುಡಿದ ಕಾರ್ಮಿಕರ ಮಗ, ಯುದ್ಧದಿಂದ ಮರಳಿ ಸರಕಾರದ ನೆರವಿನಿಂದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದವರು. ಬಾಗಿಲಿನಿಂದ ಬಾಗಿಲಿಗೆ ಹೋಗಿ ಗ್ರಾಹಕರನ್ನು ಹುಡುಕುವ ಹೊಣೆ ಅವರದಾಯಿತು.

ಕಾಲ ತಂದ ತೊಡಕು

ಇಂಥ ಸೇವೆಗೆ ಬೇಡಿಕೆ ಹುಟ್ಟಲು ಕಾರಣವಿತ್ತು. ಅದಕ್ಕೂ ಹಿಂದಿನ ಕಾಲದಲ್ಲಿ ಕೂಲಿಯ ಲೆಕ್ಕ ಸರಳ: ದುಡಿದ ಗಂಟೆ, ಗಂಟೆಯ ದರ, ಎರಡರ ಗುಣಲಬ್ಧ. 1935ರಲ್ಲಿ ಅಮೆರಿಕ ಸಾಮಾಜಿಕ ಭದ್ರತೆಯ ಕಾಯಿದೆಯನ್ನು ತಂದಿತು; 1937ರಿಂದ ಪ್ರತಿ ಕೂಲಿಯಿಂದಲೂ ಅದರ ಪಾಲನ್ನು ಕಡಿತ ಮಾಡಬೇಕಾಯಿತು. 1943ರಲ್ಲಿ, ಮಹಾಯುದ್ಧದ ನಡುವೆ, ಆದಾಯ ತೆರಿಗೆಯನ್ನು ಮೂಲದಲ್ಲಿಯೇ ಹಿಡಿದುಕೊಳ್ಳುವ ನಿಯಮ ಬಂದಿತು. ಹತ್ತಿಪ್ಪತ್ತು ಜನರನ್ನು ಇಟ್ಟುಕೊಂಡ ಸಣ್ಣ ಕಾರ್ಖಾನೆಯ ಯಜಮಾನನೂ ಈಗ ಸರಕಾರದ ವಸೂಲಿ ಗುಮಾಸ್ತನಂತಾದನು. ಅವನಿಗೆ ನೂಲಿನ ಗುಣ ಗೊತ್ತಿತ್ತು, ತೆರಿಗೆಯ ಕೋಷ್ಟಕ ಗೊತ್ತಿರಲಿಲ್ಲ.

ಟಾಬ್ ಸೋದರರು ಈ ಬಿರುಕಿನಲ್ಲಿ ನಿಂತು ಒಂದೇ ಸರಕನ್ನು ಮಾರಿದರು: ಹೇಳಿದ ದಿನಕ್ಕೆ, ಹೇಳಿದಷ್ಟು, ತಪ್ಪಿಲ್ಲದ ಸಂಬಳ. 1957ರಲ್ಲಿ ರಂಧ್ರಪತ್ರದ ಯಂತ್ರಗಳು ಬಂದವು, ಬಳಿಕ ಗಣಕ ಬಂದಿತು. ಯಂತ್ರ ಬದಲಾದರೂ ಸರಕು ಬದಲಾಗಲಿಲ್ಲ. ಸಂಸ್ಥೆಯ ಹೆಸರು ಕಾಲಕ್ರಮದಲ್ಲಿ 'ಆಟೋಮ್ಯಾಟಿಕ್ ಡೇಟಾ ಪ್ರೊಸೆಸಿಂಗ್', ಸಂಕ್ಷೇಪದಲ್ಲಿ ಎ.ಡಿ.ಪಿ. ಎಂದಾಯಿತು. 1961ರಲ್ಲಿ ಅದು ಷೇರುಗಳನ್ನು ಸಾರ್ವಜನಿಕರಿಗೆ ಮಾರಿದಾಗ ಅದರ ಗ್ರಾಹಕರು ಸುಮಾರು 300, ನೌಕರರು 125, ವರ್ಷದ ಆದಾಯ ಸುಮಾರು 4 ಲಕ್ಷ ಡಾಲರು. ಅಲ್ಲಿಗೆ ಮನೆಯವರದೇ ಆದ ವ್ಯವಹಾರದ ಅಧ್ಯಾಯ ಮುಗಿಯಿತು. ಆದರೆ ಆ ಹನ್ನೆರಡು ವರ್ಷಗಳಲ್ಲಿ ಬೇರೂರಿದ್ದ ಶಿಸ್ತು ಉಳಿಯಿತು. ಇಂದು ಆ ಸಂಸ್ಥೆ ಜಗತ್ತಿನಾದ್ಯಂತ ನಾಲ್ಕು ಕೋಟಿಗೂ ಮಿಕ್ಕಿದ ಜನರ ಸಂಬಳದ ಲೆಕ್ಕ ಮಾಡುತ್ತದೆ. ಹೈದರಾಬಾದು ಮತ್ತು ಪುಣೆಗಳಲ್ಲಿಯೂ ಅದರ ದೊಡ್ಡ ಕಚೇರಿಗಳಿವೆ. ಗುಮಾಸ್ತರಾಗದೆ ಮಾರಾಟಗಾರರಾಗಿ ಬಂದ ಲಾಟೆನ್‌ಬರ್ಗ್ ಅದರ ಮುಖ್ಯಸ್ಥರಾಗಿ, 1982ರಲ್ಲಿ ಅಮೆರಿಕದ ಸೆನೆಟಿಗೆ ಆಯ್ಕೆಯಾದರು.

ಸಂಸ್ಥೆ ಎಂದೂ ಬೇರೆ ಕೊಂಬೆಗಳನ್ನು ಚಾಚಲಿಲ್ಲ ಎಂದು ಹೇಳಿದರೆ ತಪ್ಪಾದೀತು. ಷೇರು ದಲ್ಲಾಳಿಗಳ ಲೆಕ್ಕ, ವಾಹನ ಮಾರಾಟಗಾರರ ಲೆಕ್ಕ ಹೀಗೆ ಹಲವು ಕೊಂಬೆಗಳು ಬೆಳೆದವು, ಲಾಭವನ್ನೂ ತಂದವು. ಆದರೂ 2007ರಲ್ಲಿ ಷೇರು ದಲ್ಲಾಳಿಗಳ ಸೇವೆಯನ್ನೂ 2014ರಲ್ಲಿ ವಾಹನ ಮಾರಾಟಗಾರರ ಸೇವೆಯನ್ನೂ ಸಂಸ್ಥೆ ತಾನಾಗಿಯೇ ಬೇರ್ಪಡಿಸಿ ಸ್ವತಂತ್ರ ಕಂಪನಿಗಳನ್ನಾಗಿ ಮಾಡಿತು. ಆರು ದಶಕಗಳ ಬಳಿಕ ಆ ಮರ ತನ್ನ ಬೊಡ್ಡೆಗೇ ಮರಳಿತು.

ಕೈತಪ್ಪಿದಾಗ

ಈ ವ್ಯವಹಾರದಲ್ಲಿ ಗಮನ ಬೇರೆಡೆ ಹರಿದರೆ ಪೆಟ್ಟು ಬೀಳುವುದು ಯಜಮಾನನಿಗಿಂತ ಮೊದಲು ಕೆಲಸಗಾರನಿಗೆ. 2019ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಸಂಬಳ ಸೇವಾ ಸಂಸ್ಥೆ ಇದ್ದಕ್ಕಿದ್ದಂತೆ ಬಾಗಿಲು ಹಾಕಿತು. ಗ್ರಾಹಕರು ಸಂಬಳಕ್ಕೆಂದು ಒಪ್ಪಿಸಿದ್ದ ಹಣ ಬೇರೆ ದಾರಿ ಹಿಡಿದಿತ್ತು. ಸಾವಿರಾರು ನೌಕರರ ಖಾತೆಗೆ ಬಂದಿದ್ದ ಸಂಬಳ ಮರಳಿ ಹಿಂದಕ್ಕೆ ಹೋಯಿತು. ಸಂಸ್ಥೆಯ ಮಾಲೀಕ ವರ್ಷಗಟ್ಟಲೆ ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಸುಳ್ಳು ಲೆಕ್ಕ ತೋರಿಸಿ ಸಾಲ ಎತ್ತಿದ್ದುದು ತನಿಖೆಯಲ್ಲಿ ಹೊರಬಿದ್ದಿತು. 2021ರಲ್ಲಿ ಆತನಿಗೆ ಹನ್ನೆರಡು ವರ್ಷಗಳ ಸೆರೆವಾಸವಾಯಿತು.

ಕುಟುಂಬದ ವ್ಯವಹಾರಗಳು ಈ ಪ್ರಸಂಗವನ್ನು ವಿಶೇಷವಾಗಿ ನೆನಪಿಡಬೇಕು. ಮನೆಯ ಖರ್ಚು, ಅಂಗಡಿಯ ಗಲ್ಲೆ, ಗ್ರಾಹಕನ ಹಣ ಇವು ಒಂದೇ ಪೆಟ್ಟಿಗೆಯಲ್ಲಿ ಕೂಡುವ ಅಪಾಯ ಮನೆಮಂದಿಯ ವ್ಯವಹಾರದಲ್ಲಿ ಹೆಚ್ಚು. ಮಗಳ ಮದುವೆಗೆಂದು ಒಂದು ವಾರದ ಮಟ್ಟಿಗೆ ತೆಗೆದ ಹಣವೂ ಯಾರದೋ ಮನೆಯ ಅಕ್ಕಿಯ ಹಣವಾಗಿರುತ್ತದೆ. ಆದ್ದರಿಂದಲೇ ಸಂಬಳದ ಹಣ ಮಾಲೀಕನ ಬ್ಯಾಂಕ್ ಖಾತೆಯಿಂದ ನೇರವಾಗಿ ಕೆಲಸಗಾರನ ಖಾತೆಗೆ ಹೋಗಬೇಕು. ಲೆಕ್ಕ ಮಾಡುವವರ ಕೈಯಲ್ಲಿ ಲೆಕ್ಕ ಮಾತ್ರ ಇರುವುದು ಎಲ್ಲರಿಗೂ ಕ್ಷೇಮ.

ನಮ್ಮ ಊರುಗಳಲ್ಲಿ ಇದೇ ಕೆಲಸ

ಈ ಕೆಲಸ ಗಡಿಯ ಕನ್ನಡಿಗರಿಗೆ ಹೊಸದಲ್ಲ. ಹೊಸೂರಿನ ಕೈಗಾರಿಕಾ ಬಡಾವಣೆಗಳ ಸಣ್ಣ ಕಾರ್ಖಾನೆಗಳಿಗೂ ಸೊಲ್ಲಾಪುರದ ಜವಳಿ ಘಟಕಗಳಿಗೂ ಸಂಬಳ, ಭವಿಷ್ಯನಿಧಿ, ಇ.ಎಸ್.ಐ. ಲೆಕ್ಕ ಮಾಡಿಕೊಡುವುದು ಬಹುಮಟ್ಟಿಗೆ ಸಣ್ಣ ಕಚೇರಿಗಳೇ. ತಂದೆ ಆರಂಭಿಸಿ ಮಕ್ಕಳು ಮುಂದುವರಿಸುವ ಬಗೆಯ ಕಸುಬು ಇದು. ದೊಡ್ಡ ಬಂಡವಾಳ ಬೇಡ. ಎರಡು ಗಣಕ, ಒಂದು ಮುದ್ರಣ ಯಂತ್ರ, ನಿಯಮಗಳ ತಿಳಿವಳಿಕೆ, ಮತ್ತು ಪಂಚಾಂಗದಷ್ಟೇ ಖಚಿತವಾದ ದಿನಚರಿ ಸಾಕು.

ಆ ದಿನಚರಿಯಲ್ಲಿ ಎರಡು ತಾರೀಖುಗಳು ಮುಖ್ಯ. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ರ ಒಳಗೆ ಕೊಡಬೇಕೆಂದು 2019ರ ವೇತನ ಸಂಹಿತೆ ಹೇಳುತ್ತದೆ. ಸಾವಿರಕ್ಕಿಂತ ಕಡಿಮೆ ಕೆಲಸಗಾರರಿರುವ ಸಂಸ್ಥೆಗಳಿಗೆ 1936ರ ವೇತನ ಪಾವತಿ ಕಾಯಿದೆಯೂ ಅದೇ ಗಡುವನ್ನು ಇಟ್ಟಿತ್ತು. ಭವಿಷ್ಯನಿಧಿ ಮತ್ತು ಇ.ಎಸ್.ಐ. ವಂತಿಗೆಯನ್ನು 15ರ ಒಳಗೆ ಕಟ್ಟಬೇಕು.

ಲೆಕ್ಕವನ್ನು ಎಂಟನೆಯ ತರಗತಿಯ ಶೇಕಡಾ ಪಾಠ ಓದಿದ ಮಗುವೂ ಮಾಡಬಲ್ಲದು. ಹದಿನೈದು ಸಾವಿರ ರೂಪಾಯಿ ವೇತನದ ಒಬ್ಬ ಕೆಲಸಗಾರ್ತಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಭವಿಷ್ಯನಿಧಿಗೆ ಶೇಕಡಾ 12, ಅಂದರೆ 1,800 ರೂಪಾಯಿ. ಇ.ಎಸ್.ಐ.ಗೆ ಶೇಕಡಾ 0.75, ಪೂರ್ಣಾಂಕಕ್ಕೆ ಏರಿಸಿದರೆ 113 ರೂಪಾಯಿ. ಕೈಗೆ ಬರುವುದು 13,087. ಆಕೆಯ ಪರವಾಗಿ ಮಾಲೀಕರು ಸೇರಿಸಬೇಕಾದದ್ದು ಭವಿಷ್ಯನಿಧಿಗೆ ಇನ್ನೂ 1,800. ಇದರಲ್ಲಿ ಶೇಕಡಾ 8.33ರ ಲೆಕ್ಕದ 1,250 ಪಿಂಚಣಿ ನಿಧಿಗೆ ಹೋಗುತ್ತದೆ. ಇ.ಎಸ್.ಐ.ಗೆ ಅವರ ಪಾಲು ಶೇಕಡಾ 3.25, ಅಂದರೆ 488 ರೂಪಾಯಿ. ತಿಂಗಳಿಗೆ 21,000 ರೂಪಾಯಿವರೆಗಿನ ವೇತನದವರಿಗೆ ಇ.ಎಸ್.ಐ. ಅನ್ವಯಿಸುತ್ತದೆ.

ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಸಂದಿದ್ದರೆ ಮಾತ್ರ ಇ.ಎಸ್.ಐ.ಯ ಕಾಯಿಲೆ ಭತ್ಯೆ ದೊರೆಯುತ್ತದೆ. ಲೆಕ್ಕ ಮಾಡುವವರು ಕೆಲವು ದಿನಗಳನ್ನು ಬಿಟ್ಟು ಬರೆದರೆ, ಆ ತಪ್ಪು ಗೊತ್ತಾಗುವುದು ಆಕೆ ಆಸ್ಪತ್ರೆಯ ಬಾಗಿಲಿಗೆ ಹೋದಾಗ.

ಗಡಿಯವರಿಗೆ ಮಾತ್ರ ಗೊತ್ತಿರುವ ಕಷ್ಟ

ಗಡಿಯ ಲೆಕ್ಕದವರಿಗೆ ಇನ್ನೊಂದು ಜಾಣ್ಮೆ ಬೇಕು. ಮನೆ ಒಂದು ರಾಜ್ಯದಲ್ಲಿ, ಕೆಲಸ ಇನ್ನೊಂದರಲ್ಲಿ ಎಂಬುದು ಇಲ್ಲಿಯ ನಿತ್ಯದ ಸ್ಥಿತಿ. ಮಂಜೇಶ್ವರದಿಂದ ಮಂಗಳೂರಿಗೆ, ಹೊಸೂರಿನಿಂದ ಅತ್ತಿಬೆಲೆ, ಬೊಮ್ಮಸಂದ್ರಗಳಿಗೆ ದಿನವೂ ಜನ ಹೋಗಿ ಬರುತ್ತಾರೆ. ವೃತ್ತಿ ತೆರಿಗೆ ರಾಜ್ಯ ರಾಜ್ಯಕ್ಕೆ ಬೇರೆ. ಸಂವಿಧಾನದ 276ನೆಯ ವಿಧಿಯಂತೆ ಅದು ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ. ಆದರೆ ಮಹಾರಾಷ್ಟ್ರದಲ್ಲಿ ಅದನ್ನು ತಿಂಗಳು ತಿಂಗಳು ಹಿಡಿಯುತ್ತಾರೆ. ಫೆಬ್ರವರಿಯಲ್ಲಿ 200ರ ಬದಲು 300. ಕೇರಳ, ತಮಿಳುನಾಡುಗಳಲ್ಲಿ ಸ್ಥಳೀಯ ಸಂಸ್ಥೆಗಳು ಅರ್ಧ ವರ್ಷಕ್ಕೊಮ್ಮೆ ವಸೂಲಿ ಮಾಡುತ್ತವೆ. ಕೆಲಸದ ಸ್ಥಳ ಯಾವ ರಾಜ್ಯದಲ್ಲಿದೆ ಎಂಬುದನ್ನು ನೋಡದೆ ಕಡಿತ ಮಾಡಿದರೆ ಲೆಕ್ಕ ಕೆಟ್ಟಿತೆಂದೇ ಅರ್ಥ.

ಇದಕ್ಕಿಂತಲೂ ಸೂಕ್ಷ್ಮವಾದದ್ದು ಹೆಸರಿನ ಪ್ರಶ್ನೆ. ಕನ್ನಡ ಶಾಲೆಯ ದಾಖಲೆಯಲ್ಲಿ 'ಬಸವರಾಜ' ಎಂದಿರುವ ಹುಡುಗ ತಮಿಳು ಲಿಪಿಯ ಮೂಲಕ ಇಂಗ್ಲಿಷಿಗೆ ಹೋದಾಗ 'ಪಸವರಾಜ್' ಆಗಬಹುದು. ಆ ಲಿಪಿಯಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. ಅದೇ ರೀತಿ 'ಗಿರಿಜಾ' 'ಕಿರಿಜಾ' ಆಗಬಹುದು. ಮಹಾರಾಷ್ಟ್ರದಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ. ತಮಿಳುನಾಡಿನಲ್ಲಿ ತಂದೆಯ ಹೆಸರಿನ ಮೊದಲಕ್ಷರ ಮುಂದೆ ಬರುವ ಕ್ರಮ. ಶಾಲೆಯ ಪ್ರಮಾಣಪತ್ರ, ಆಧಾರ್, ಬ್ಯಾಂಕಿನ ಪುಸ್ತಕ, ಭವಿಷ್ಯನಿಧಿ ಖಾತೆ ಈ ನಾಲ್ಕರಲ್ಲಿ ನಾಲ್ಕು ರೂಪಗಳಾದರೆ, ಇಪ್ಪತ್ತು ವರ್ಷ ಕೂಡಿಟ್ಟ ಹಣವನ್ನು ಕೇಳಲು ಹೋದ ದಿನ ಅರ್ಜಿ ತಿರಸ್ಕೃತವಾಗುತ್ತದೆ. ಆಮೇಲೆ ಮಾಲೀಕರ ಸಹಿ, ತಿದ್ದುಪಡಿಯ ಅರ್ಜಿ, ಕಚೇರಿಯಿಂದ ಕಚೇರಿಗೆ ಅಲೆದಾಟ. ಕೆಲಸ ಮಾಡಿದ ಕಾರ್ಖಾನೆ ಅಷ್ಟರಲ್ಲಿ ಮುಚ್ಚಿದ್ದರೆ ಕಷ್ಟ ಇಮ್ಮಡಿ.

ಕನ್ನಡ ಬಲ್ಲ ಸಣ್ಣ ಕಚೇರಿಯೊಂದು ದೊಡ್ಡ ಸಂಸ್ಥೆಗಳಿಗಿಂತ ಮೇಲಾಗಬಲ್ಲದ್ದು ಇಲ್ಲಿಯೇ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿಯೇ ಆ ಹುಡುಗನನ್ನು ಎದುರಿಗೆ ಕೂರಿಸಿ, ಅವನ ಹೆಸರನ್ನು ಅವನ ಬಾಯಿಂದ ಕೇಳಿ, ದಾಖಲೆಗಳೊಡನೆ ಅಕ್ಷರ ಅಕ್ಷರ ಹೋಲಿಸಿ ನೋಡಲು ಅರ್ಧ ಗಂಟೆ ಸಾಕು. ಯಾವ ತಂತ್ರಾಂಶವೂ ಈ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡಲಾರದು.

ಆದರೆ ಆ ಅರ್ಧ ಗಂಟೆಗೆ ಬಿಡುವು ಇರಬೇಕು. ಸಣ್ಣ ಕಚೇರಿಗಳು ಸೋಲುವುದು ಬಹಳ ಸಲ ಇಲ್ಲಿ. ವಿಮೆ ಮಾರುವುದು, ಜಮೀನಿನ ಪತ್ರ ಬರೆಸುವುದು, ರೈಲು ಚೀಟಿ ಕಾದಿರಿಸುವುದು, ಕೈಸಾಲಕ್ಕೆ ಮಧ್ಯಸ್ಥಿಕೆ ಹೀಗೆ ಬಂದ ಕೆಲಸಕ್ಕೆಲ್ಲ ಹೂಂ ಎನ್ನುತ್ತಾ ಹೋದರೆ, ಎಲ್ಲದರ ಗಡುವೂ ತಿಂಗಳ ಮೊದಲ ಹದಿನೈದು ದಿನಗಳ ಮೇಲೆಯೇ ಬಂದು ಬೀಳುತ್ತದೆ. ಆಗ ಮೊದಲು ಜಾರುವುದು ಸದ್ದಿಲ್ಲದ ಕೆಲಸ, ಅಂದರೆ ಹೆಸರಿನ ಹೋಲಿಕೆ, ದಿನಗಳ ಎಣಿಕೆ. ಇನ್ನೊಂದು ಅಪಾಯವನ್ನು ಪ್ಯಾಟರ್ಸನ್ನಿನ ಕಾಯಿಲೆ ಬಿದ್ದ ಗುಮಾಸ್ತರೇ ತೋರಿಸಿಕೊಟ್ಟಿದ್ದಾರೆ. ಲೆಕ್ಕ ತಂದೆಯೊಬ್ಬರ ತಲೆಯಲ್ಲಿಯೇ ಇದ್ದರೆ, ಅವರು ಮಲಗಿದ ದಿನ ಐವತ್ತು ಮನೆಗಳ ಸಂಬಳವೂ ಮಲಗುತ್ತದೆ. ಮನೆಯ ಎರಡನೆಯ ವ್ಯಕ್ತಿಗೆ, ಮಗಳಿಗಾಗಲಿ ಸೊಸೆಗಾಗಲಿ, ಪ್ರತಿ ಗ್ರಾಹಕನ ಲೆಕ್ಕವೂ ಗೊತ್ತಿರಬೇಕು, ಬರವಣಿಗೆಯಲ್ಲಿಯೂ ಇರಬೇಕು.

ದುಡಿಯುವ ಮನೆಗಳಿಗೂ ಇದರಲ್ಲಿ ಒಂದು ಪಾಲಿದೆ. ಸಂಬಳದ ಚೀಟಿ ಕೇಳಿ ಪಡೆಯುವುದು ಕೆಲಸಗಾರರ ಹಕ್ಕು. ಮುಂದಿನ ಬಾರಿ ಆ ಚೀಟಿ ಮನೆಗೆ ಬಂದಾಗ ಅದನ್ನು ಮಕ್ಕಳ ಕೈಗೆ ಕೊಡಬಹುದು. ಶೇಕಡಾ 12 ಸರಿಯಾಗಿದೆಯೇ, ಕಡಿತವಾದ ಹಣ ಭವಿಷ್ಯನಿಧಿಯ ಪಾಸ್‌ಬುಕ್ಕಿನಲ್ಲಿ ಸೇರಿದೆಯೇ, ಅಪ್ಪನ ಅಥವಾ ಅಮ್ಮನ ಹೆಸರು ಎಲ್ಲ ಕಡೆ ಒಂದೇ ರೀತಿ ಇದೆಯೇ ಎಂದು ಅವರು ನೋಡಲಿ. ತಪ್ಪು ಕಂಡರೆ ಈ ತಿಂಗಳೇ ತಿದ್ದಿಸಿಕೊಳ್ಳುವುದು ಸುಲಭ, ನಿವೃತ್ತಿಯ ವರ್ಷದಲ್ಲಿ ಅಲ್ಲ.