ಕೋಳಿಗೆ ಹೋಗುವ ಸಿಪ್ಪೆಗೆ ಬೇರೆ ಬಕೆಟ್ ಇರಲಿ

ಬೆಳಿಗ್ಗೆ ತರಕಾರಿ ಹೆಚ್ಚಲು ಕುಳಿತರೆ ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಅಡುಗೆಮನೆಗಳಲ್ಲಿ ಬಕೆಟ್‌ಗಟ್ಟಲೆ ಸಿಪ್ಪೆ ಬೀಳುತ್ತದೆ. ಕರ್ಜತ್, ಬದ್ಲಾಪುರ, ಪನ್ವೇಲ್ ಕಡೆ ಜಾಗ ಮಾಡಿಕೊಂಡ ಸದಸ್ಯರು ಕೆಲವರು ಅದನ್ನು ತಮ್ಮ ನಾಟಿ ಕೋಳಿಗಳಿಗೆ ಒಯ್ಯುತ್ತಾರೆ. ಇನ್ನು ಕೆಲವರ ಹೋಟೆಲಿನಿಂದ ಕೋಳಿ ಸಾಕುವ ಬಡವರು ಕೇಳಿ ಪಡೆಯುತ್ತಾರೆ. ಕಸವೂ ಕಡಿಮೆ, ಕೋಳಿಗೂ ಮೇವು. ಒಳ್ಳೆಯ ಕೆಲಸವೇ.

ನಾವೂ ಹಾಗೆಯೇ ಕೊಡುತ್ತಿದ್ದೆವು. ಒಂದು ರಾತ್ರಿ ಉಳಿದ ಸಾಂಬಾರು, ಉಪ್ಪಿನಕಾಯಿ ಸೇರಿದ ಎಂಜಲೆಲ್ಲ ಅದೇ ಬಕೆಟಿಗೆ ಬಿತ್ತು. ಒಯ್ದಾಕೆಯ ಹದಿನಾಲ್ಕು ಕೋಳಿಗಳಲ್ಲಿ ಆರು ಸತ್ತವು. ನೀರು ಕುಡಿದೂ ಕುಡಿದೂ, ನೀರು ನೀರಾಗಿ ಭೇದಿಯಾಗಿ ಬಿದ್ದವಂತೆ. ಕೋಳಿಗೆ ಹೆಚ್ಚಿನ ಉಪ್ಪನ್ನು ಹೊರಹಾಕುವ ಶಕ್ತಿ ಕಡಿಮೆ ಎಂಬುದು ಪಶುವೈದ್ಯರು ಹೇಳಿದ ಮೇಲೆಯೇ ನಮಗೆ ಗೊತ್ತಾದದ್ದು. ಹಣವೇನೋ ಕೊಟ್ಟೆವು. ಆದರೆ ಆಕೆಯ ಮನೆ ನಡೆಯುತ್ತಿದ್ದುದು ಆ ಮೊಟ್ಟೆಗಳಿಂದ.

ಅಂದಿನಿಂದ ಕೋಳಿಯ ಬಕೆಟ್ ತರಕಾರಿ ಹೆಚ್ಚುವ ಮೇಜಿನ ಪಕ್ಕದಲ್ಲೇ ಇದೆ. ಪಾತ್ರೆ ತೊಳೆಯುವ ಜಾಗದ ಕಡೆಗೆ ಅದು ಹೋಗುವಂತಿಲ್ಲ. ಎಲೆಕೋಸು, ಹೂಕೋಸಿನ ಹೊರ ಎಲೆ, ಕ್ಯಾರೆಟ್, ಸೋರೆ, ಸೌತೆಯ ಸಿಪ್ಪೆ, ಕುಂಬಳದ ತಿರುಳು ಮತ್ತು ಬೀಜ, ಕೊತ್ತಂಬರಿ ದಂಟು, ಕಲ್ಲಂಗಡಿ ಸಿಪ್ಪೆ ಇವನ್ನೆಲ್ಲ ಹಾಕಬಹುದು. ದಂಟು, ನಾರನ್ನು ಸಣ್ಣಗೆ ಕತ್ತರಿಸಬೇಕು. ಉದ್ದ ನಾರು ಕತ್ತಿನ ಬುಡದ ಆಹಾರದ ಚೀಲದಲ್ಲಿ ಗಂಟು ಕಟ್ಟಿ ಕೋಳಿ ಮೇವು ಬಿಡುತ್ತದೆ. ಸೊಪ್ಪಿನ ಕಟ್ಟಿನ ದಾರ, ರಬ್ಬರ್ ಬ್ಯಾಂಡ್ ಕೂಡ ಇದೇ ಕೆಲಸ ಮಾಡುತ್ತವೆ. ಹುಡುಗರಿಗೆ ಇದನ್ನು ಹತ್ತು ಸಲ ಹೇಳಬೇಕಾಗುತ್ತದೆ.

ನಮ್ಮಲ್ಲಿ ಹೆಚ್ಚು ಬೀಳುವುದು ಈರುಳ್ಳಿ, ಆಲೂಗಡ್ಡೆ ಸಿಪ್ಪೆ. ತೊಂದರೆಯೂ ಅಲ್ಲಿಯೇ. ಈರುಳ್ಳಿ ಹೆಚ್ಚಾದರೆ ರಕ್ತದ ಕೆಂಪುಕಣ ಒಡೆದು ಕೋಳಿ ಬಿಳಿಚಿಕೊಳ್ಳುತ್ತದೆ. ಹಸಿರುಗಟ್ಟಿದ ಅಥವಾ ಮೊಳಕೆ ಬಂದ ಆಲೂಗಡ್ಡೆಯಲ್ಲಿ ಸೋಲನಿನ್ ಎಂಬ ವಿಷವಿದೆ, ಬೇಯಿಸಿದರೂ ಅದು ಹೋಗುವುದಿಲ್ಲ. ಹೋಟೆಲಿನ ಲೆಕ್ಕದಲ್ಲಿ ಇವೆರಡನ್ನೂ ಪೂರ್ತಿ ಬಿಡುವುದೇ ಸುಲಭ. ಬೆಣ್ಣೆಹಣ್ಣಿನ ಸಿಪ್ಪೆ, ಬೀಜ ಹಕ್ಕಿಗಳ ಹೃದಯಕ್ಕೇ ಪೆಟ್ಟು, ಜ್ಯೂಸ್ ಸೆಂಟರ್ ಇರುವವರು ಗಮನಿಸಬೇಕು. ನೆನೆಸಿಟ್ಟ ಹಸಿ ರಾಜ್ಮಾ, ಕಾಫಿ ಚರಟ, ಚಹಾಪುಡಿಯೂ ಬೇಡ. ಬೂಸ್ಟು ಹಿಡಿದ ಶೇಂಗಾ, ತೆಂಗಿನಕಾಯಿಯಲ್ಲಿ ಅಫ್ಲಾಟಾಕ್ಸಿನ್ ಇರಬಹುದು. ಮೇಲಿನ ಬೂಸ್ಟು ಒರೆಸಿ ಕೊಡುವ ಚಾಳಿ ನಮ್ಮಲ್ಲಿದೆ, ಅದರಿಂದ ಒಳಗಿನ ವಿಷ ಹೋಗದು.

ಮಾಂಸಾಹಾರಿ ಹೋಟೆಲಿನವರಿಗೆ ಇನ್ನೊಂದು ಮಾತು. ಹಸಿ ಕೋಳಿ ಮಾಂಸದ ಚೂರು, ಅದನ್ನು ತೊಳೆದ ನೀರು ತಾಗಿದ ತರಕಾರಿಯನ್ನು ಕೋಳಿಗೆ ಹಾಕಲೇಬಾರದು. ರಾಣಿಖೇತ್ ರೋಗ, ಹಕ್ಕಿಜ್ವರ ಹೀಗೂ ಹರಡಬಲ್ಲವು. 2006ರ ಫೆಬ್ರವರಿಯಲ್ಲಿ ನಂದುರ್‌ಬಾರ್ ಜಿಲ್ಲೆಯ ನವಾಪುರದಲ್ಲಿ ಹಕ್ಕಿಜ್ವರ ಕಂಡಾಗ ಕೋಳಿ ವ್ಯಾಪಾರ ಹೇಗೆ ಕುಸಿಯಿತೆಂದು ಹಳಬರಿಗೆ ನೆನಪಿದೆ. ಮೊಟ್ಟೆಯ ಓಡನ್ನು ಚೆನ್ನಾಗಿ ಕುದಿಸಿ, ಒಣಗಿಸಿ, ಪುಡಿಮಾಡಿಯೇ ಕೊಡಬೇಕು.

ಎಷ್ಟು ಕೊಡಬಹುದು? ಮೊಟ್ಟೆಯಿಡುವ ಫಾರ್ಮ್ ಕೋಳಿ ದಿನಕ್ಕೆ 100ರಿಂದ 120 ಗ್ರಾಂ ಆಹಾರ ತಿನ್ನುತ್ತದೆ. ಅದರಲ್ಲಿ ಸಿಪ್ಪೆ ಹತ್ತನೇ ಒಂದು ಪಾಲು ಸಾಕು. ಎಲೆಕೋಸಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನೀರೇ. ಸಿಪ್ಪೆಯಲ್ಲೇ ಹೊಟ್ಟೆ ತುಂಬಿಸಿದರೆ ಪ್ರೋಟೀನ್, ಸುಣ್ಣದ ಅಂಶ ಸಾಲದೆ ಮೊಟ್ಟೆ ಕಡಿಮೆಯಾಗುತ್ತದೆ, ಓಡು ತೆಳುವಾಗುತ್ತದೆ. ಬೆಳಿಗ್ಗೆ ಫೀಡ್ ತಿಂದ ಮೇಲೆ ಸಿಪ್ಪೆ ಹಾಕಿ, ಸಂಜೆಗೆ ಉಳಿದದ್ದನ್ನು ಗುಡಿಸಿ ಗೊಬ್ಬರದ ಗುಂಡಿಗೆ ಹಾಕಿಸಿ. ಕೊಳೆತದ್ದನ್ನು ತಿಂದ ಕೋಳಿ ಕತ್ತು ಜೋತುಬಿದ್ದು ಸಾಯುವುದುಂಟು. ಮಳೆಗಾಲದಲ್ಲಿ ಬಕೆಟನ್ನು ಅದೇ ದಿನ ಸಾಗಿಸಲು ಆಗದಿದ್ದರೆ ಕೊಡಬೇಡಿ, ನೇರ ಹಸಿ ಕಸಕ್ಕೆ ಸೇರಿಸಿ.