ಕುಡಿದು ನಡೆಸಿದವನಿಗೆ ಯಾವ ಪಾಠ?

ಕುಡಿದು ವಾಹನ ನಡೆಸಿ ಮೊದಲ ಸಲ ಸಿಕ್ಕವನಿಗೆ 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯು 10,000 ರೂಪಾಯಿ ದಂಡವನ್ನೋ, ಆರು ತಿಂಗಳವರೆಗಿನ ಸೆರೆಯನ್ನೋ, ಎರಡನ್ನೂ ಒಟ್ಟಿಗೋ ವಿಧಿಸಿದೆ. ಲೈಸೆನ್ಸು ಅಮಾನತಾದವನು ಮರುತರಬೇತಿ ಪಡೆಯತಕ್ಕದ್ದೆಂದೂ ಆ ತಿದ್ದುಪಡಿಯಲ್ಲಿದೆ. ಇದನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಕಲಿಸತಕ್ಕದ್ದೇನು? ಈತನು ಚಕ್ರ ತಿರುಗಿಸುವುದನ್ನು ಮರೆತವನಲ್ಲ. ಬಹುಶಃ ಅದರಲ್ಲಿ ನಿಪುಣನೇ! ಕಣ್ಣು ಕಂಡುದಕ್ಕೆ ಕಾಲು ತಡವಾಗಿ ಬ್ರೇಕೊತ್ತುವುದೆಂಬುದನ್ನೂ, ‘ನನಗೇನೂ ಆಗಿಲ್ಲ’ವೆಂಬ ಧೈರ್ಯವು ಅಮಲಿನದೇ ಎಂಬುದನ್ನೂ ಅರಿಯದವನು. ಬ್ರಿಟನ್ನಿನಲ್ಲಿ ಮದ್ಯದ ಪರಿಣಾಮವನ್ನೇ ಬೋಧಿಸುವ ತರಗತಿಗಳುಂಟು. ನ್ಯಾಯಾಲಯದ ಅನುಮತಿಯಿಂದ, ಸ್ವಂತ ಖರ್ಚಿನಲ್ಲಿ ಅವನ್ನು ಮುಗಿಸಿದವನಿಗೆ ಚಾಲನಾ ನಿಷೇಧದಲ್ಲಿ ಕಾಲುಭಾಗದವರೆಗೆ ರಿಯಾಯಿತಿ ದೊರೆಯುತ್ತದೆ. ರಿಯಾಯಿತಿಯನ್ನು ನಾವು ಕೇಳುವುದಿಲ್ಲ, ಪಾದಚಾರಿಯ ಪ್ರಾಣಕ್ಕೆ ರಿಯಾಯಿತಿಯೆಲ್ಲಿ? ಆ ಪಾಠವನ್ನು ಕೇಳುತ್ತೇವೆ. ಸರಕಾರದವರು ಮರುತರಬೇತಿಯಲ್ಲಿ ಅದಕ್ಕೇ ಅಗ್ರಸ್ಥಾನವಿತ್ತು, ಪರೀಕ್ಷಿಸಿದ ಮೇಲೆಯೇ ಲೈಸೆನ್ಸನ್ನು ಹಿಂದಿರುಗಿಸತಕ್ಕದ್ದು.